ಪಾಸ್‌ವರ್ಡ್ ಸೈಬರ್ ಅಂಗಡಿಯ ನೋಟ್‌ಬುಕ್‌ನಲ್ಲಿದೆ!

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಿದ್ದೆ. ಊರು ಅಂದರೆ ಭದ್ರಾವತಿ. ಬಲಿಪಾಡ್ಯಮಿಯ ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಇನ್ನೇನು ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಜನ್ನಾಪುರದಿಂದ ಚಿಕ್ಕಮ್ಮನ ಫೋನು.

"ಒಂದ್ನಿಮಿಷ ಬಂದು ಹೋಗೋ. ಪುಟ್ಟಿ ಬೆಳಿಗ್ಗೆಯಿಂದ ಅಳ್ತಾ ಕೂತಿದಾಳೆ."

ಪುಟ್ಟಿ ಅಂದರೆ ಚಿಕ್ಕಮ್ಮನ ಮಗಳು. ಬಿಕಾಂ ಕೊನೆಯ ವರ್ಷ. ಹೋಗಿ ನೋಡಿದರೆ ಹಬ್ಬದ ಹೊಸ ಚೂಡಿದಾರ್ ಹಾಕಿಕೊಂಡು, ಮೊಬೈಲ್ ಕೈಯಲ್ಲಿ ಹಿಡಿದು, ಮುಖ ಊದಿಸಿಕೊಂಡು ಕೂತಿದ್ದಳು. ವಿಷಯ ಇಷ್ಟೇ. ಐದನೇ ಸೆಮಿಸ್ಟರ್ ಪರೀಕ್ಷೆಯ ಅರ್ಜಿ ತುಂಬಲು ಉಳಿದಿದ್ದು ಮೂರೇ ದಿನ. ಅರ್ಜಿ ಆನ್‌ಲೈನ್. ಲಾಗಿನ್ ಆಗಲು ಪಾಸ್‌ವರ್ಡ್ ಬೇಕು, ಅದು ಅವಳಿಗೆ ಗೊತ್ತಿಲ್ಲ. 'ಫರ್ಗಾಟ್ ಪಾಸ್‌ವರ್ಡ್' ಒತ್ತಿದರೆ ಓಟಿಪಿ ಯಾವುದೋ ನಂಬರಿಗೆ ಹೋಗುತ್ತಿದೆ. ಆ ನಂಬರ್ ಮನೆಯವರ್ಯಾರದ್ದೂ ಅಲ್ಲ.

"ಯಾರ್ದೇ ಅದು?"

"ಸೈಬರ್ ಅಣ್ಣಂದು."

ಎರಡು ವರ್ಷದ ಹಿಂದೆ ಕಾಲೇಜಿಗೆ ಸೇರುವಾಗ ಆನ್‌ಲೈನ್ ಅರ್ಜಿ ತುಂಬಲು ಅಪ್ಪ ಮಗಳು ಇಬ್ಬರೂ ಹತ್ತಿರದ ಸೈಬರ್ ಅಂಗಡಿಗೆ ಹೋಗಿದ್ದಾರೆ. ಅವತ್ತು ಚಿಕ್ಕಪ್ಪನ ಫೋನು ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಪುಟ್ಟಿಗೆ ಆಗಿನ್ನೂ ಸ್ವಂತ ಸಿಮ್ ಇರಲಿಲ್ಲ. ಹಿಂದೆ ಉದ್ದನೆಯ ಸಾಲು. ಅಂಗಡಿಯವ ತನ್ನದೇ ನಂಬರ್ ಹಾಕಿ, ತನ್ನದೇ ಒಂದು ಇಮೇಲ್ ಕೊಟ್ಟು, ಪಾಸ್‌ವರ್ಡ್ ಮಾಡಿ, ಅದನ್ನು ತನ್ನ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡ. ಅಲ್ಲಿಂದ ಪ್ರತಿ ಸೆಮಿಸ್ಟರ್ ಅವನ ಅಂಗಡಿಗೆ ಹೋಗುವುದು, ಹೆಸರು ಹೇಳುವುದು, ಅವನು ನೋಟ್‌ಬುಕ್ ತಿರುವಿ ಅರ್ಜಿ ತುಂಬಿಕೊಡುವುದು. ನೂರು ರೂಪಾಯಿ. ಸುಸೂತ್ರವಾಗಿ ನಡೆಯುತ್ತಿತ್ತು.

ಈ ಸಲ ಹೋದರೆ ಅಂಗಡಿಯೇ ಇಲ್ಲ. ಆ ಜಾಗದಲ್ಲಿ ಟೈಲರ್ ಕೂತಿದ್ದಾರೆ. ಸೈಬರ್ ಅಣ್ಣ ಬೇರೆ ಊರಿಗೆ ಹೋಗಿದ್ದಾನೆ, ಫೋನ್ ಸ್ವಿಚ್ಡ್ ಆಫ್. ನೋಟ್‌ಬುಕ್ ಎಲ್ಲಿದೆಯೋ ದೇವರಿಗೇ ಗೊತ್ತು.

ನನ್ನ ತಪ್ಪೂ ಇದೆ

"ನನಗೊಂದು ಮಾತು ಮೊದಲೇ ಹೇಳ್ಬಾರ್ದಿತ್ತಾ?" ಅಂತ ಅಣ್ಣನ ಗತ್ತಿನಲ್ಲಿ ಕೇಳಿದೆ. ಪುಟ್ಟಿ ಏನೂ ಮಾತಾಡಲಿಲ್ಲ. ವಾಟ್ಸಾಪ್ ತೆಗೆದು ನಮ್ಮ ಚಾಟ್ ಮೇಲಕ್ಕೆ ಸರಿಸಿ ತೋರಿಸಿದಳು. ಹೋದ ವರ್ಷದ ಮೆಸೇಜು. "ಅಣ್ಣ, ಕಾಲೇಜ್ ಲಾಗಿನ್‌ನಲ್ಲಿ ನಂಬರ್ ಚೇಂಜ್ ಮಾಡೋದು ಹೇಗೆ?" ಅದಕ್ಕೆ ನನ್ನ ಉತ್ತರ: "ಮೀಟಿಂಗಲ್ಲಿದೀನಿ. ಸೈಬರಲ್ಲಿ ಕೇಳು."

ಬೆಂಗಳೂರಿನ ಆಫೀಸಿನಲ್ಲಿ ನನ್ನ ಕೆಲಸ ಏನು ಗೊತ್ತಾ? ಬಳಕೆದಾರರ ಲಾಗಿನ್ ಭದ್ರವಾಗಿಡುವ ಸಾಫ್ಟ್‌ವೇರ್ ಬರೆಯುವುದು. ಊರವರ ಬೀಗ ಕಾಯುವವನ ಸ್ವಂತ ಮನೆ ಬಾಗಿಲು ತೆರೆದುಬಿದ್ದಿತ್ತು.

ಪುಟ್ಟಿಗೆ ಮೊಬೈಲ್ ಗೊತ್ತಿಲ್ಲ ಅಂತ ಹೇಳುವ ಹಾಗೇ ಇಲ್ಲ. ಅವಳು ಮಾಡುವ ರೀಲ್ಸ್ ನೋಡಿದರೆ ನನಗೇ ಹೊಟ್ಟೆಕಿಚ್ಚು. ಹಾಡಿಗೆ ಸರಿಯಾಗಿ ದೃಶ್ಯ ಕತ್ತರಿಸುತ್ತಾಳೆ, ಯುಪಿಐನಲ್ಲಿ ಮನೆಯ ಕರೆಂಟ್ ಬಿಲ್ ಕಟ್ಟುತ್ತಾಳೆ. ಆದರೆ ಅವತ್ತು ಸಂಜೆ "ನಿನ್ನ ಫೋಟೋನ 50 ಕೆಬಿ ಒಳಗೆ ಮಾಡಿ ಕಳಿಸು" ಅಂದಾಗ ತಬ್ಬಿಬ್ಬಾದಳು. "ಇಮೇಲ್ ಐಡಿ ಹೇಳು" ಅಂದರೆ, ಫೋನ್ ತಗೊಂಡಾಗ ಅಂಗಡಿಯವರು ಮಾಡಿಕೊಟ್ಟಿದ್ದು, ಅದರ ಪಾಸ್‌ವರ್ಡೂ ಗೊತ್ತಿಲ್ಲ. ಫೋನ್ ಕಳೆದುಹೋದರೆ ಎಲ್ಲವೂ ಹೋದ ಹಾಗೇ.

ಫೋನ್ ಉಪಯೋಗಿಸಲು ಬರುವುದು ಬೇರೆ, ಫೋನಿನಲ್ಲಿರುವ ನಮ್ಮ ಬದುಕು ನಮ್ಮ ಕೈಯಲ್ಲಿರುವುದು ಬೇರೆ. ಡಿಜಿಟಲ್ ಸಾಕ್ಷರತೆ ಅಂದರೆ ಎರಡನೆಯದು. ಇದು ನನಗೆ ಅರ್ಥವಾಗಲು ಅವಳ ಕಣ್ಣೀರು ಬೇಕಾಯಿತು.

ಕಾಗದದ ಊರಿನಲ್ಲಿ ಕಾಗದವಿಲ್ಲದ ಕಾಲ

ಚಿಕ್ಕಪ್ಪ ಎಂಪಿಎಂನಲ್ಲಿದ್ದವರು. 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ. ನಾವು ಚಿಕ್ಕವರಿದ್ದಾಗ ಕಾಗದ ಅಂದರೆ ಭದ್ರಾವತಿ, ಭದ್ರಾವತಿ ಅಂದರೆ ಕಬ್ಬಿಣ ಮತ್ತು ಕಾಗದ. ಕಾರ್ಖಾನೆ ನಿಂತ ಮೇಲೆ ಚಿಕ್ಕಪ್ಪ ಆಟೋ ಓಡಿಸುತ್ತಿದ್ದಾರೆ. ಅವರ ಲೆಕ್ಕದಲ್ಲಿ ಕೈಯಲ್ಲಿ ಹಿಡಿಯಬಹುದಾದ, ಸೀಲು ಬಿದ್ದ ಹಾಳೆಯೇ ದಾಖಲೆ. ಎಲ್ಲ ಪ್ರಮಾಣಪತ್ರಗಳನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅದೇ ಮನುಷ್ಯ ಮಗಳ ಪಾಸ್‌ವರ್ಡನ್ನು ಅಂಗಡಿಯವನ ನೋಟ್‌ಬುಕ್‌ನಲ್ಲಿ ಬಿಟ್ಟುಬಂದಿದ್ದರು. ಯಾಕೆಂದರೆ ಅದೂ ಒಂದು ದಾಖಲೆ, ಅದೂ ಬೀರುವಿನ ಕೀಲಿಯಷ್ಟೇ ಮುಖ್ಯ ಅಂತ ಯಾರೂ ಹೇಳಿರಲಿಲ್ಲ.

ಕಾಗದದ ಕಾಲವೇನೂ ಸುಖದ್ದಲ್ಲ. ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ಡಿಗ್ರಿ ಓದುತ್ತಿದ್ದ ಗೆಳೆಯನ ಜೊತೆ ಒಮ್ಮೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. 1987ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ. ಅದರ ಜ್ಞಾನ ಸಹ್ಯಾದ್ರಿ ಆವರಣ ಇರುವುದು ನಮ್ಮದೇ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್. ಒಂದು ದಾಖಲೆಗಾಗಿ ಬೆಳಿಗ್ಗೆ ಬಸ್ ಹತ್ತಿದವರು ಸಂಜೆ ವಾಪಸ್. ಬಿಆರ್‌ಪಿಯ ಹಸಿರು ಚೆನ್ನಾಗಿತ್ತು, ಖರ್ಚಾದ ದಿನ ಮಾತ್ರ ವಾಪಸ್ ಬರಲಿಲ್ಲ.

ಈಗ ಆ ಓಡಾಟ ಬಹಳಷ್ಟು ಕಡಿಮೆಯಾಗಿದೆ. 2021-22ರ ಶೈಕ್ಷಣಿಕ ವರ್ಷದಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಇವೆಲ್ಲ ಯುಯುಸಿಎಂಎಸ್ ಎಂಬ ಒಂದೇ ವ್ಯವಸ್ಥೆಯೊಳಗೆ ಬರತೊಡಗಿದವು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಅಂಕಪಟ್ಟಿಗೆ ಡಿಜಿಲಾಕರ್. 2021ರ ಜುಲೈನಲ್ಲಿ ಬಂದ ಎಬಿಸಿ, ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ನೀವು ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಬ್ಯಾಂಕಿನ ಹಣದಂತೆ ಜಮಾ ಇಡುತ್ತದೆ. ಸ್ವಯಂ ಎಂಬ ವೇದಿಕೆಯಲ್ಲಿ ಕೋರ್ಸ್ ಮಾಡಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು. ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸುಗಳನ್ನು ಹೀಗೆ ಮಾಡಲು ಯುಜಿಸಿ 2021ರ ನಿಯಮದಲ್ಲಿ ಅವಕಾಶ ಕೊಟ್ಟಿದೆ.

ಎಲ್ಲ ಒಳ್ಳೆಯದೇ. ಆದರೆ ಪ್ರತಿಯೊಂದರ ಬಾಗಿಲಲ್ಲೂ ಅದೇ ಮೂರು ಕೀಲಿ: ಮೊಬೈಲ್ ನಂಬರ್, ಇಮೇಲ್, ಆಧಾರ್‌ನಲ್ಲಿರುವ ಹೆಸರು. ಈ ಮೂರರಲ್ಲಿ ಒಂದು ಬೇರೆಯವರ ಕೈಯಲ್ಲಿದ್ದರೂ ನಮ್ಮ ಮನೆಗೆ ನಾವೇ ಅತಿಥಿ.

"ಈ ವಾರದಲ್ಲಿ ನೀನು ಏಳನೆಯವಳು"

ರಜೆ ಒಂದು ದಿನ ಮುಂದಕ್ಕೆ ಹಾಕಿದೆ. ಮರುದಿನ ಪುಟ್ಟಿಯನ್ನು ಕರೆದುಕೊಂಡು ಅವಳ ಕಾಲೇಜಿಗೆ ಹೋದೆ. ನಾನು ಕಂಪ್ಯೂಟರ್ ಇಂಜಿನಿಯರ್ ಅಂತ ಹೇಳಿಕೊಂಡರೆ ಅಲ್ಲಿ ಏನೂ ಉಪಯೋಗವಿಲ್ಲ. ಬೇಕಾಗಿದ್ದು ಬಿಳಿ ಹಾಳೆಯ ಮೇಲೆ ಕೈಬರಹದ ಅರ್ಜಿ, ಆಧಾರ್ ಜೆರಾಕ್ಸ್, ಕಾಲೇಜಿನ ಗುರುತಿನ ಚೀಟಿ. ಆಫೀಸಿನ ಮೇಡಂ ಅರ್ಜಿ ಓದಿ ಕನ್ನಡಕದ ಮೇಲಿಂದ ನೋಡಿದರು.

"ಸೈಬರ್‌ನವರ ನಂಬರಾ? ಈ ವಾರದಲ್ಲಿ ನೀನು ಏಳನೆಯವಳಮ್ಮ."

ಬೈಯಲಿಲ್ಲ. ಗುರುತು ಪರಿಶೀಲಿಸಿ ನಂಬರ್ ಬದಲಾಯಿಸಲು ಕಳಿಸಿದರು. ಮರುದಿನ ಸಂಜೆ ಪುಟ್ಟಿಯ ಸ್ವಂತ ಫೋನಿಗೆ ಓಟಿಪಿ ಬಂತು. ಪರೀಕ್ಷಾ ಶುಲ್ಕ ಕಟ್ಟಿದ್ದು ಕೊನೆಯ ದಿನದ ಹಿಂದಿನ ರಾತ್ರಿ. ಒಂದು ದಿನ ತಡವಾಗಿದ್ದರೆ ದಂಡ. ಇನ್ನೂ ತಡವಾಗಿದ್ದರೆ ಸೆಮಿಸ್ಟರ್ ಕತೆ ಏನಾಗುತ್ತಿತ್ತೋ.

ಇಲ್ಲಿ ಸೈಬರ್ ಅಣ್ಣನನ್ನು ಖಳನಾಯಕ ಮಾಡಬೇಡಿ. ಸಣ್ಣ ಊರುಗಳಲ್ಲಿ ಜಾತಿ ಪ್ರಮಾಣಪತ್ರದಿಂದ ಹಾಲ್‌ಟಿಕೆಟ್‌ವರೆಗೆ ಎಲ್ಲವನ್ನೂ ದಡ ಮುಟ್ಟಿಸುತ್ತಿರುವುದು ಇಂಥವರೇ. ಅವನು ಮೋಸ ಮಾಡಲಿಲ್ಲ, ನಾವು ಕೇಳಿದ ಸಹಾಯ ಮಾಡಿದ. ಅರ್ಜಿ ಅವನಿಂದ ತುಂಬಿಸಿ, ತಪ್ಪಿಲ್ಲ. ಆದರೆ ನಂಬರ್ ನಿಮ್ಮದಿರಲಿ, ಹೊರಡುವ ಮೊದಲು ಅಲ್ಲಿನ ಕಂಪ್ಯೂಟರಿನಲ್ಲಿ ಲಾಗೌಟ್ ಆಗಲಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಬಂದ್ ಆದ ಮೊಬೈಲ್ ನಂಬರ್ ಸತ್ತುಹೋಗುವುದಿಲ್ಲ. ಕನಿಷ್ಠ 90 ದಿನ ಕಾದು, ಆಮೇಲೆ ಕಂಪನಿ ಅದನ್ನು ಬೇರೊಬ್ಬರಿಗೆ ಕೊಡಬಹುದು. ಅಂದರೆ ನಿಮ್ಮ ಓಟಿಪಿ ಮುಂದೊಂದು ದಿನ ನೀವು ಮುಖವನ್ನೇ ನೋಡದ ಯಾರದೋ ಫೋನಿನಲ್ಲಿ ಟಿಂಗ್ ಅನ್ನಬಹುದು. ಆಫರ್ ಸಿಕ್ಕಿತೆಂದು ಸಿಮ್ ಬಿಸಾಡುವ ಮೊದಲು ಇದು ನೆನಪಿರಲಿ.

ಬಂದ ಹಣ ಎಲ್ಲಿ ಹೋಯ್ತು?

ಅವತ್ತೇ ರಾತ್ರಿ ಚಿಕ್ಕಪ್ಪ ಮೆಲ್ಲಗೆ ಇನ್ನೊಂದು ವಿಷಯ ತೆಗೆದರು. "ಹೋದ ವರ್ಷದ ಸ್ಕಾಲರ್‌ಶಿಪ್ ಎಲ್ಲರಿಗೂ ಬಂತಂತೆ, ಇವಳಿಗೆ ಬರ್ಲಿಲ್ಲ ನೋಡು."

ಅರ್ಜಿಯ ಸ್ಥಿತಿ ನೋಡಿದರೆ ಹಣ ಜಮಾ ಆಗಿದೆ ಅಂತಿದೆ. ಪಾಸ್‌ಬುಕ್‌ನಲ್ಲಿ ಇಲ್ಲ. ಇದರ ಗುಟ್ಟು ಹೀಗೆ: ನಮಗೆ ಎಷ್ಟು ಬ್ಯಾಂಕ್ ಖಾತೆ ಇದ್ದರೂ ಆಧಾರ್ ಆಧಾರದ ಮೇಲೆ ಸರ್ಕಾರ ಕಳಿಸುವ ಹಣ ಬರುವುದು ಒಂದೇ ಖಾತೆಗೆ, ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಮೈ ಆಧಾರ್ ವೆಬ್‌ಸೈಟಿನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಒಂದು ಆಯ್ಕೆ ಇದೆ. ಒತ್ತಿದರೆ ಆ ಬ್ಯಾಂಕಿನ ಹೆಸರು ಬರುತ್ತದೆ. ಪುಟ್ಟಿಯದ್ದು ನೋಡಿದರೆ ನಾವು ಕೇಳಿಯೂ ಇರದ ಖಾತೆ! ಸಿಮ್ ತಗೊಳ್ಳುವಾಗ ಬೆರಳಚ್ಚು ಕೊಟ್ಟಿದ್ದಳಲ್ಲ, ಅದರ ಜೊತೆಗೇ ಒಂದು ಖಾತೆಯೂ ತೆರೆದುಕೊಂಡಿತ್ತು. ಹಣ ಪಾಪ, ಅಲ್ಲೇ ತೆಪ್ಪಗೆ ಕೂತಿತ್ತು.

ಚಿಕ್ಕಪ್ಪನ ಮುಖ ನೋಡಬೇಕಿತ್ತು. ಆ ದುಡ್ಡು ಬರಲಿಲ್ಲ ಅಂತ ಅವರು ಫೀಸಿಗೆ ಕೈಸಾಲ ಮಾಡಿದ್ದರು.

ಹೆಸರಿನದ್ದೂ ಒಂದು ಪುರಾಣ. ನಮ್ಮ ಕಡೆ ಇನಿಶಿಯಲ್ ಇಲ್ಲದ ಹೆಸರೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಅದೇ ಬಿಡಿಸಿ ಬರೆದ ಅಪ್ಪನ ಹೆಸರಾಗಿ ಮುಂದೆ. ಮನುಷ್ಯರಿಗೆ ಇಬ್ಬರೂ ಒಬ್ಬರೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಡೇಟಾಬೇಸ್ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು, ಒಂದು ಅಕ್ಷರ ತಪ್ಪಿದರೂ ಎರಡು ಪಟ್ಟಿ ಹೊಂದಿಕೊಳ್ಳುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಮನೆಯವರ ಹೆಸರು ತಾಳೆ ನೋಡಬೇಕು ಅಂತ ಹೊಳೆದಿರಲಿಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಅಕ್ಷರ ಅಕ್ಷರ ನೋಡಿ, ಒಂದೇ ಸಲಕ್ಕೆ ಸರಿ ಮಾಡಿಸಿ. ಕಾಲೇಜು ಮುಗಿದು ಕೆಲಸಕ್ಕೆ ಸೇರುವ ದಿನ ಇದನ್ನು ಕಂಡುಹಿಡಿದರೆ ಬಹಳ ಕಷ್ಟ.

ಇಲ್ಲದ ಪುಸ್ತಕಗಳ ಪಟ್ಟಿ

ಪುಟ್ಟಿಯ ಹತ್ತಿರ ಪ್ರಾಜೆಕ್ಟ್ ಕೂಡ ಇತ್ತು. ವಿಷಯ: ಮಹಿಳಾ ಸ್ವಸಹಾಯ ಸಂಘಗಳ ಉಳಿತಾಯ. ಇಪ್ಪತ್ತು ಪುಟ ಆಗಲೇ ರೆಡಿ. ಇಂಗ್ಲಿಷ್ ನನಗಿಂತ ಚೆನ್ನಾಗಿದೆ! ಕೇಳಿದರೆ ನಗುತ್ತಾ, "ಚಾಟ್‌ಜಿಪಿಟಿ" ಅಂದಳು.

ಕೊನೆಯಲ್ಲಿ ಪರಾಮರ್ಶನ ಗ್ರಂಥಗಳ ಪಟ್ಟಿ ಇತ್ತು. ಮೂರು ಹೆಸರು ಹುಡುಕಿ ನೋಡಿದೆ. ಮೂರೂ ಪುಸ್ತಕ ಈ ಲೋಕದಲ್ಲೇ ಇಲ್ಲ. ಇಂಥ ಎಐ ಸಲಕರಣೆ ಗ್ರಂಥಾಲಯದ ಕಪಾಟಿನಿಂದ ಪುಸ್ತಕ ತೆಗೆದು ಕೊಡುವುದಿಲ್ಲ. ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಅಂದಾಜು ಮಾಡಿ ಪದ ಪೋಣಿಸುತ್ತದೆ. ಪುಸ್ತಕದ ಹೆಸರನ್ನೂ ಹಾಗೇ ಪೋಣಿಸಿಬಿಡುತ್ತದೆ. ಆಫೀಸಿನಲ್ಲಿ ನಾನೂ ದಿನಾ ಅದನ್ನು ಬಳಸುತ್ತೇನೆ. ಆದರೆ ಅದು ಕೊಟ್ಟ ಕೋಡನ್ನು ಓಡಿಸಿ ನೋಡದೆ ಯಾರಿಗೂ ಕಳಿಸುವುದಿಲ್ಲ.

ಅವಳಿಗೆ ಶೋಧಗಂಗಾ ತೋರಿಸಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್‌ಡಿ ಪ್ರಬಂಧಗಳಿವೆ, ಉಚಿತ. ನಮ್ಮ ಕುವೆಂಪು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳೂ ಇವೆ. ಶಿವಮೊಗ್ಗ ಜಿಲ್ಲೆಯ ಮೇಲೇ ಸಂಶೋಧನೆ ಮಾಡಿದವರ ಪುಟಗಳನ್ನು ನೋಡಿ ಅವಳಿಗೆ ಆಶ್ಚರ್ಯ. "ಇದೆಲ್ಲ ನಾವು ಓದ್ಬೋದಾ?" ಓದಬಹುದು. ಆ ಪ್ರಬಂಧಗಳ ಕೊನೆಯಲ್ಲಿರುವ ಗ್ರಂಥಸೂಚಿಯಲ್ಲಿ ನಿಜವಾದ ಪುಸ್ತಕಗಳ ಹೆಸರಿವೆ. ಹಾಗೆಯೇ 2025ರ ಜನವರಿಯಿಂದ ಜಾರಿಗೆ ಬಂದ 'ಒಂದು ದೇಶ, ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13,000 ಜರ್ನಲ್‌ಗಳು ಸಿಗುವಂತಾಗಿದೆ. ನಿಮ್ಮ ಕಾಲೇಜಿನಲ್ಲಿ ಇದೆಯಾ ಎಂದು ಗ್ರಂಥಪಾಲಕರನ್ನು ಒಮ್ಮೆ ಕೇಳಿ. ಅವರ ಹತ್ತಿರ ಹೋಗಿ ಇಂಥ ಪ್ರಶ್ನೆ ಕೇಳುವವರೇ ಕಡಿಮೆ, ಖುಷಿಪಡುತ್ತಾರೆ.

ಆಮೇಲೆ ಒಂದು ಮಾತು ಹೇಳಿದೆ. "ಚಿಕ್ಕಮ್ಮ ಹನ್ನೆರಡು ವರ್ಷದಿಂದ ಸಂಘದಲ್ಲಿದಾರೆ. ಅವರನ್ನ ಒಂದು ಪ್ರಶ್ನೆನಾದ್ರೂ ಕೇಳಿದೀಯಾ?" ಕೇಳಿರಲಿಲ್ಲ.

ಕನ್ನಡದಲ್ಲಿ ಬರೆದರೂ ಕಾಣದ ಕನ್ನಡ

ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಇನ್ನೊಂದು ತೊಡಕಿದೆ. ನನ್ನ ಹೈಸ್ಕೂಲ್ ಗೆಳೆಯನೊಬ್ಬ ಶಿವಮೊಗ್ಗದ ದುರ್ಗಿಗುಡಿ ಕಡೆ ಡಿಟಿಪಿ ಮಾಡಿಸಿದ ಅಧ್ಯಾಯಗಳನ್ನು ನನಗೆ ಕಳಿಸಿದ. ಫೈಲ್ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ. ಕಾರಣ ಹಳೆಯ ಫಾಂಟು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಐದು ವರ್ಷದ ದುಡಿಮೆ, ಪ್ರಿಂಟ್ ಹಾಕಿದ ಕೆಲವೇ ಪ್ರತಿಗಳಲ್ಲಿ ಬಂಧಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿದೆ. ನಿಮ್ಮ ಫೋನಿನಲ್ಲಿ ಈ ಲೇಖನ ಕಾಣುತ್ತಿರುವುದೂ ಅದರಿಂದಲೇ. ಡಿಟಿಪಿ ಅಂಗಡಿಯಲ್ಲಿ "ಯೂನಿಕೋಡ್‌ನಲ್ಲಿ ಮಾಡಿಕೊಡಿ" ಅನ್ನಿ, ಹಳೆಯ ಫೈಲುಗಳನ್ನು ಪರಿವರ್ತಿಸುವ ಸಲಕರಣೆಗಳೂ ಇವೆ. ಮುಖ್ಯವಾಗಿ, ಮೂಲ ಫೈಲನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಬಿಟ್ಟುಬರಬೇಡಿ. ಇದೂ ಮತ್ತೆ ಅದೇ ನೋಟ್‌ಬುಕ್ ಕತೆ.

ಒಂದು ಸಂಜೆಯ ಕೆಲಸ

ಹೊರಡುವ ಹಿಂದಿನ ಸಂಜೆ ನಾನು ಪುಟ್ಟಿ ಕೂತು ಮಾಡಿದ್ದು ಇಷ್ಟು. ಅವಳೇ ಒತ್ತಿದ್ದು, ನಾನು ಕೈಕಟ್ಟಿ ಕೂತು ಹೇಳಿದ್ದು ಮಾತ್ರ.

ಅವಳದ್ದೇ ಪೂರ್ತಿ ಹೆಸರಿನ ಒಂದು ಇಮೇಲ್ ಮಾಡಿದಳು. ಕಾಲೇಜು, ವಿದ್ಯಾರ್ಥಿವೇತನ, ಆಧಾರ್, ಬ್ಯಾಂಕ್ ಎಲ್ಲ ಕಡೆ ಯಾವ ನಂಬರ್ ಇದೆ ಎಂದು ನೋಡಿ ಪಟ್ಟಿ ಮಾಡಿದಳು. ಡಿಜಿಲಾಕರ್ ತೆರೆದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಳಿಸಿಕೊಂಡಳು. ಅದರಲ್ಲಿ ಸಂಸ್ಥೆಗಳೇ ನೇರವಾಗಿ ಕೊಟ್ಟ ದಾಖಲೆಗಳಿಗೆ 2016ರ ನಿಯಮದ ಪ್ರಕಾರ ಮೂಲ ದಾಖಲೆಯಷ್ಟೇ ಬೆಲೆ ಇದೆ. ನಾವು ಫೋಟೋ ಹೊಡೆದು ಏರಿಸಿದ್ದಕ್ಕೆ ಆ ಬೆಲೆ ಇಲ್ಲ. ಫೋಟೋ, ಸಹಿ ಎರಡನ್ನೂ ಸಣ್ಣ ಗಾತ್ರಕ್ಕೆ ಇಳಿಸಿ ಒಂದು ಫೋಲ್ಡರ್‌ನಲ್ಲಿಟ್ಟಳು. ಪಾಸ್‌ವರ್ಡುಗಳನ್ನು ಒಂದು ಪುಟ್ಟ ಡೈರಿಯಲ್ಲಿ ಬರೆದಳು. ಚಿಕ್ಕಪ್ಪ ಅದನ್ನು ತಗೊಂಡು ಹೋಗಿ ಬೀರುವಿನ ಫೈಲಿನ ಜೊತೆ ಇಟ್ಟು ಬೀಗ ಹಾಕಿದರು. ಕಂಪನಿಯಲ್ಲಿ ನಾನು ಯಾರಿಗೂ ಹೀಗೆ ಬರೆದಿಡಿ ಅನ್ನುವುದಿಲ್ಲ. ಆದರೆ ಬೇರೆಯವರ ನೋಟ್‌ಬುಕ್‌ಗಿಂತ ನಮ್ಮ ಮನೆಯ ಬೀರು ಎಷ್ಟೋ ವಾಸಿ.

ಎಲ್ಲ ಸೇರಿ ಎರಡೂವರೆ ಗಂಟೆ. ಎರಡು ವರ್ಷದಿಂದ 'ಮೀಟಿಂಗಲ್ಲಿದೀನಿ' ಅಂತ ನಾನು ಮುಂದೂಡಿದ್ದು ಇಷ್ಟು ಸಣ್ಣ ಕೆಲಸ.

ಸಂಕ್ರಾಂತಿಗೆ ಮತ್ತೆ ಹೋಗಿದ್ದೆ. ಎಳ್ಳುಬೆಲ್ಲ ಕೊಡಲು ಬಂದ ಪಕ್ಕದ ಬೀದಿಯ ಇಬ್ಬರು ಹುಡುಗಿಯರು ಪುಟ್ಟಿಯ ಜೊತೆ ಜಗಲಿಯಲ್ಲಿ ಕೂತಿದ್ದರು. ಇವಳು ಟೀಚರ್ ಥರ, "ಫೋನ್ ನನಗೆ ಕೊಡ್ಬೇಡ, ನೀನೇ ಒತ್ತು" ಅಂತಿದ್ದಳು. ಸಂಘದ ಹೆಂಗಸರನ್ನು ಮಾತಾಡಿಸಿ ಪ್ರಾಜೆಕ್ಟ್ ಮತ್ತೆ ಬರೆದಿದ್ದಾಳೆ. ಇಂಗ್ಲಿಷ್ ಈಗ ಅಷ್ಟು ಚೆನ್ನಾಗಿಲ್ಲ, ಆದರೆ ಅವಳದ್ದೇ. ಒಳಗಿನಿಂದ ಚಿಕ್ಕಮ್ಮನೂ ತಮ್ಮ ಫೋನ್ ಹಿಡಿದು ಬಂದರು. "ನಂದೂ ಒಂದ್ಸಲ ನೋಡೇ, ಬ್ಯಾಂಕಿಂದು ಯಾವ ನಂಬರಿಗೆ ಬರುತ್ತೆ ಅಂತ."

ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಇದನ್ನು ಓದುತ್ತಿರುವ ನಿಮಗೂ ಊರಿನಲ್ಲಿ ಓದುವ ತಮ್ಮನೋ ತಂಗಿಯೋ ಇರಬಹುದು. ಈ ಭಾನುವಾರ ಅವರಿಗೊಂದು ಫೋನ್ ಮಾಡಿ. ಮಾರ್ಕ್ಸ್ ಎಷ್ಟು ಬಂತು ಅಂತ ಎಲ್ಲರೂ ಕೇಳುತ್ತಾರೆ. ನೀವು ಇದೊಂದು ಕೇಳಿ: "ನಿನ್ನ ಓಟಿಪಿ ಯಾರ ಫೋನಿಗೆ ಬರುತ್ತೆ?"